ಸಂಚಿಯ ಹೊಗೆಸೊಪ್ಪು, ಅರ್ಜಿಯ 'ಇಲ್ಲ'

ಮೂಡಿಗೆರೆ, ಕಳಸದ ಕಡೆ ಯಾರನ್ನಾದರೂ "ತಂಬಾಕಿನ ಅಭ್ಯಾಸ ಇದೆಯಾ?" ಎಂದು ಕೇಳಿ ನೋಡಿ. ಬೀಡಿ, ಸಿಗರೇಟು ಸೇದದವರು ತಟ್ಟನೆ ಇಲ್ಲ ಅನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ. ಎಲೆ, ಅಡಿಕೆ, ಸುಣ್ಣದ ಜೊತೆ ಬಾಯಿಗೆ ಹೋಗುವ ಹೊಗೆಸೊಪ್ಪಿನ ಚೂರು ಅವರ ಲೆಕ್ಕದಲ್ಲಿ ತಂಬಾಕೇ ಅಲ್ಲ, ಅದು ಕವಳ. ಮಳೆಗಾಲದಲ್ಲಿ ತೋಟದಲ್ಲಿ ಕಾಲಿಗೆ ಹತ್ತಿದ ಇಂಬಳ ಉದುರಿಸಲೂ ಅದೇ ಕವಳದ ಸಂಚಿ ಬಿಚ್ಚುತ್ತಾರೆ. ಇಂಬಳವೇ ತಾಳದೆ ಬಿದ್ದುಹೋಗುವ ಸೊಪ್ಪನ್ನು ದವಡೆಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತೇವೆ, ನೋಡಿ!

ಆದರೆ ಆರೋಗ್ಯ ವಿಮೆಯ ಅರ್ಜಿಗೆ ಸೇದಿದರೂ ತಂಬಾಕು, ಜಗಿದರೂ ತಂಬಾಕು. ಹೌದು ಎಂದು ಬರೆದರೆ ಕಂಪನಿ ವೈದ್ಯಕೀಯ ಪರೀಕ್ಷೆ ಕೇಳಬಹುದು, ಕಂತು ಏರಿಸಬಹುದು. ಏಜೆಂಟರು ಇದನ್ನು ಲೋಡಿಂಗ್ ಅನ್ನುತ್ತಾರೆ. ಕೆಲವೊಮ್ಮೆ ಪಾಲಿಸಿಯನ್ನೇ ಕೊಡದಿರಬಹುದು. ಅಮೆರಿಕದಲ್ಲಿ ಸ್ವಂತಕ್ಕೆ ವಿಮೆ ಕೊಳ್ಳುವ ತಂಬಾಕು ಬಳಕೆದಾರರಿಂದ ಶೇಕಡಾ 50ರವರೆಗೆ ಹೆಚ್ಚು ಪಡೆಯಲು ಕೇಂದ್ರ ಕಾನೂನೇ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಅದು ಆಯಾ ಕಂಪನಿಯ ಲೆಕ್ಕಾಚಾರ.

ಅರ್ಜಿಯ ಈ ಪ್ರಶ್ನೆ ಎಲ್ಲರನ್ನೂ ಕಾಡುವುದಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತೋಟದ ಕಾರ್ಮಿಕರ ಲೈನ್ ಮನೆಯ ಅಜ್ಜಿ ಕವಳ ಹಾಕುತ್ತಾರೋ ಇಲ್ಲವೋ, ಅಲ್ಲಿ ವಿಚಾರಿಸುವವರಿಲ್ಲ. ಸಿಕ್ಕಿಕೊಳ್ಳುವುದು ಎರಡು ಮೂರು ಎಕರೆ ಕಾಫಿ ಇಟ್ಟುಕೊಂಡ ಎಪಿಎಲ್ ಮನೆಯವರು. ಅವರಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇಕಡಾ 30 ಮಾತ್ರ. ಹಾಗಾಗಿ ಖಾಸಗಿ ಪಾಲಿಸಿಗೆ ಹೋಗುತ್ತಾರೆ. ಏಜೆಂಟರು ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿಯುತ್ತಾ, ಕೇಳದೆಯೇ 'ಇಲ್ಲ' ಎಂದು ತುಂಬಿಬಿಡುತ್ತಾರೆ. ಯಜಮಾನರು ಸಹಿ ಹಾಕುತ್ತಾರೆ.

ನಿಜ ಹೊರಬರುವುದು ಆಸ್ಪತ್ರೆಯಲ್ಲಿ. ಬಾಯಲ್ಲಿ ಹುಣ್ಣು ಎಂದು ಹೋದವರನ್ನು ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ತಂಬಾಕಿನದೂ ಒಂದು. ಡಾಕ್ಟರ ಮುಂದೆ ಯಾರೂ ಮುಚ್ಚಿಡುವುದಿಲ್ಲ, ಮುಚ್ಚಿಡಲೂಬಾರದು. "ಇಪ್ಪತ್ತು ವರ್ಷದಿಂದ ಹಾಕ್ತೀನಿ" ಅಂದದ್ದು ಕೇಸ್ ಶೀಟಿಗೆ ಏರುತ್ತದೆ, ಕ್ಲೇಮಿನ ಜೊತೆ ಆ ಹಾಳೆಯೂ ಕಂಪನಿಗೆ ಹೋಗುತ್ತದೆ. ಅರ್ಜಿ, ಕೇಸ್ ಶೀಟು ಎರಡೂ ಎದುರುಬದುರಾದಾಗ ಕ್ಲೇಮು ನಿಲ್ಲುವ ಸಂಭವ ಹೆಚ್ಚು. 2024ರ ನಿಯಮದಂತೆ ಪಾಲಿಸಿ ಬಿಡದೆ 60 ತಿಂಗಳು ನಡೆದಿದ್ದರೆ ಹೀಗೆ ತಕರಾರು ತೆಗೆಯುವಂತಿಲ್ಲ. ಮೋಸ ಸಾಬೀತಾದರೆ ಮಾತ್ರ ಆ ರಕ್ಷಣೆಯೂ ಇಲ್ಲ.

ಹೊಸ ಪಾಲಿಸಿ ಕೈಗೆ ಬಂದಾಗ ಅದರ ಜೊತೆ ನಿಮ್ಮ ಅರ್ಜಿಯ ಪ್ರತಿ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಬೇಡವೆಂದರೆ ವಾಪಸು ಮಾಡಲು 30 ದಿನ ಸಮಯವಿದೆ. ಅಷ್ಟರೊಳಗೆ ತಂಬಾಕಿನ ಸಾಲು ಓದಿ. ಅಲ್ಲಿ ತಪ್ಪಿದ್ದರೆ ಕಂಪನಿಗೆ ಬರೆದು ತಿಳಿಸಿ, ಬರೆದದ್ದರ ನಕಲು ಇಟ್ಟುಕೊಳ್ಳಿ. ಕಂತು ಹೆಚ್ಚಾದೀತು. ಆಗಲಿ.