ನಾಳೆಯ ಕೆಲಸಗಳಲ್ಲಿ ಯಾವುದು ಮೊದಲು?



ಕೋಳಿ ಕೂಗುವ ಮೊದಲೇ ಏಳುವ ನಿಮಗೆ ಕೆಲಸದ ಕ್ರಮವನ್ನು ಕುರಿತು ವೈದ್ಯನೊಬ್ಬನು ಹೇಳಹೊರಡುವುದು ಉದ್ಧಟತನವೆಂದು ತೋರಬಹುದು. ಕೊಟ್ಟಿಗೆ, ನೀರು, ಒಲೆ, ಹೊಲ, ಮಕ್ಕಳು ಇವೆಲ್ಲವನ್ನೂ ಒಂದೇ ದಿನದೊಳಗೆ ಹೊಂದಿಸುವ ಜಾಣ್ಮೆ ನಿಮ್ಮಲ್ಲಿರುವಷ್ಟು ನನ್ನಲ್ಲಿಲ್ಲ. ಆದರೂ ಆರೋಗ್ಯ ಕೇಂದ್ರದಲ್ಲಿ ನಾನು ಕಷ್ಟಪಟ್ಟು ಕಲಿತ ಒಂದು ಸಂಗತಿಯು ನಿಮ್ಮ ಮನೆಗೂ ಅನ್ವಯಿಸುವುದರಿಂದ ಅದನ್ನು ಇಲ್ಲಿ ನಿವೇದಿಸುತ್ತೇನೆ.

ನಾನು ಸೇವೆಗೆ ಸೇರಿದ ಹೊಸತು. ಅಂದು ಸಂತೆಯ ದಿನ. ಬೆಳಿಗ್ಗೆ ಒಂಬತ್ತು ಗಂಟೆಗೇ ರೋಗಿಗಳ ಸಾಲು ಬಾಗಿಲನ್ನು ದಾಟಿತ್ತು. ಬೆರಳಿಗೆ ಕುಡುಗೋಲು ತಾಗಿದ್ದ ಒಬ್ಬರು ನೋವಿನಿಂದ ಕೂಗುತ್ತಿದ್ದರು. ಪ್ರಮಾಣಪತ್ರ ಬೇಕೆಂದು ಮತ್ತೊಬ್ಬರು ಅವಸರಪಡಿಸುತ್ತಿದ್ದರು. ಕೂಗಿದವರನ್ನೆಲ್ಲ ಮೊದಲು ನೋಡಿದೆ. ಹನ್ನೊಂದು ಗಂಟೆಯ ಹೊತ್ತಿಗೆ, ಸಾಲಿನ ಕೊನೆಯಲ್ಲಿದ್ದ ತಾಯಿಯ ಮಡಿಲಿನಲ್ಲಿ ಎಂಟು ತಿಂಗಳ ಕೂಸೊಂದು ಕಣ್ಣಿಗೆ ಬಿತ್ತು. ಅದು ಅಳುತ್ತಿರಲಿಲ್ಲ, ಅಳುವ ಶಕ್ತಿಯೇ ಅದರಲ್ಲಿ ಉಳಿದಿರಲಿಲ್ಲ. ಆ ವಯಸ್ಸಿನ ಕೂಸು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಎಂದು ಶಂಕಿಸತಕ್ಕದ್ದು. ಇದು 60ನ್ನೂ ಮೀರಿತ್ತು. ಕೂಸು ಬದುಕಿತು, ಆದರೆ ಎರಡು ಗಂಟೆಗಳ ಕಾಲ ನಾನು ಅದನ್ನು ಕಾಯಿಸಿದ್ದೆ. ಅಂದಿನಿಂದ ಕುರ್ಚಿಯಲ್ಲಿ ಕೂರುವ ಮೊದಲು ಸಾಲಿನ ಉದ್ದಕ್ಕೂ ಒಮ್ಮೆ ನಡೆದು, ಸುಮ್ಮನೆ ಕುಳಿತವರ ಮುಖವನ್ನು ನೋಡುತ್ತೇನೆ.

ಮನೆಯ ಕೆಲಸಗಳಲ್ಲಿಯೂ ಕೂಗುವವು ಕೆಲವು, ಕೂಗದವು ಕೆಲವು. ಕೆಚ್ಚಲು ತುಂಬಿದ ಹಸು ಅಂಬಾ ಎನ್ನುತ್ತದೆ. ಡೈರಿಯ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ. ಪಂಪ್‌ಸೆಟ್ಟಿಗೆ ವಿದ್ಯುತ್ತು ಬಂದ ಗಳಿಗೆಯಲ್ಲಿ ನೀವು ಹೊಲದಲ್ಲಿ ಇರಲೇಬೇಕು. ಇಂಥ ಕೆಲಸಗಳು ತಪ್ಪುವುದಿಲ್ಲ. ಆದರೆ ಗರ್ಭಿಣಿಯ ಮಧ್ಯಾಹ್ನದ ವಿಶ್ರಾಂತಿ, ಅವಳ ಕಬ್ಬಿಣಾಂಶದ ಮಾತ್ರೆ, ಕೂಸಿನ ಲಸಿಕೆ, ಮುಂದಿನ ಹೆರಿಗೆಗೆ ಅಂತರವಿಡಲು ಮೂರು ತಿಂಗಳಿಗೊಮ್ಮೆ ಪಡೆಯಬೇಕಾದ ಅಂತರಾ ಚುಚ್ಚುಮದ್ದು, ಇವುಗಳಿಗೆ ಬಾಯಿಲ್ಲ. ಒಂದು ದಿನ ತಪ್ಪಿದರೆ ಏನೂ ಆದಂತೆ ಕಾಣುವುದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಸುಗ್ಗಿಯ ಕಾಲದಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬರನ್ನು ಅವರ ಪತಿಯು ಸಂಜೆ ಕರೆತಂದರು. ಮೂರು ದಿನಗಳಿಂದ ತಲೆನೋವು, ಮುಖ ಮತ್ತು ಕೈಗಳಲ್ಲಿ ಊತ, ರಕ್ತದೊತ್ತಡ 170/110. ಇಷ್ಟು ತಡವೇಕೆ ಎಂದು ಕೇಳಿದರೆ, ರಾಗಿಯ ಒಕ್ಕಣೆ ಮುಗಿಯಲೆಂದು ಕಾದೆವು ಎಂದರು. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ನೀಡಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ತಾಯಿ ಉಳಿದರು, ಕೂಸು ಉಳಿಯಲಿಲ್ಲ. ಆ ಪತಿಯು ನಿರ್ದಯಿಯಲ್ಲ. ಒಳ್ಳೆಯ ಬೇಸಾಯಗಾರರು; ಕೊಯ್ದ ರಾಗಿಯನ್ನು ಒಪ್ಪವಾಗಿ ಮೆದೆ ಹಾಕಿದರೆ ಅದು ವಾರಗಟ್ಟಲೆ ಕೆಡದೆ ಇರುತ್ತದೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು. ಕಾಯಬಲ್ಲ ರಾಗಿಗೆ ಅವಸರಪಟ್ಟು, ಕಾಯಲಾಗದ ತಲೆನೋವನ್ನು ಕಾಯಿಸಿದ್ದರು.

ಆದುದರಿಂದ ರಾತ್ರಿ ಊಟವಾದ ಒಂದು ಗಂಟೆಯ ಅನಂತರ ದಂಪತಿಗಳಿಬ್ಬರೂ ಕಾಲು ಗಂಟೆ ಕುಳಿತು ಮಾರನೆಯ ದಿನದ ಕೆಲಸಗಳನ್ನು ಲೆಕ್ಕ ಹಾಕಿರಿ. ಒಂದೊಂದನ್ನು ಕುರಿತೂ ಎರಡು ಮಾತುಗಳನ್ನು ಕೇಳಿಕೊಳ್ಳಿರಿ. ಇದನ್ನು ನಾಳಿದ್ದಿಗೆ ಬಿಟ್ಟರೆ ಕೆಡುವುದೇನು? ಇದನ್ನು ಬೇರೆಯವರು ಮಾಡಬಹುದೆ? ಎರಡನೆಯ ಪ್ರಶ್ನೆಯನ್ನು ಗಂಡಸರು ವಿಶೇಷವಾಗಿ ಕೇಳಿಕೊಳ್ಳಬೇಕು. ಕೂಸಿಗೆ ಎದೆಹಾಲೂಡಿಸುವುದು ತಾಯಿಯ ಕೆಲಸ. ಮೊದಲ ಆರು ತಿಂಗಳು ಅದರ ಹೊರತು ಕೂಸಿಗೆ ನೀರೂ ಬೇಡ. ನೀರು ಹೊರುವುದು, ಸಗಣಿ ಬಾಚುವುದು, ಸೌದೆ ತರುವುದು ಹಾಗಲ್ಲ. ಮುದ್ದೆ ತಿರುವುವುದಕ್ಕೂ ಬೇಕಾದುದು ತೋಳಿನ ಬಲವೇ. ಅದರಲ್ಲಿ ಗಂಡಸರಿಗೆ ನಾಚಿಕೆ ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಬಾಯಿಲ್ಲದ ಕೆಲಸಗಳನ್ನು ತಪ್ಪದೆ ನಡೆಯುವ ಕೆಲಸಗಳ ಬೆನ್ನಿಗೆ ಕಟ್ಟಿರಿ. ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಸೇವಿಸಬೇಕು. ರಾತ್ರಿ ಲೆಕ್ಕಕ್ಕೆ ಕುಳಿತಾಗಲೇ ಪತಿಯು ಮಾತ್ರೆಯನ್ನೂ ನೀರನ್ನೂ ತಂದುಕೊಡಲಿ. ಅದರೊಡನೆ ಕಾಫಿ, ಚಹಾ, ಹಾಲು ಬೇಡ, ಮಾತ್ರೆಯ ಸತ್ವ ಮೈಗೆ ಹತ್ತುವುದಿಲ್ಲ. ಮಧ್ಯಾಹ್ನದ ಒಲೆ ಆರಿದ ಮೇಲೆ ಗರ್ಭಿಣಿಯು ಎರಡು ಗಂಟೆ ಮಲಗಬೇಕು. ಆ ಹೊತ್ತಿನ ಕರೆಗೆ ಓಗೊಡುವವರು ಯಾರೆಂಬುದೂ ಹಿಂದಿನ ರಾತ್ರಿಯೇ ಗೊತ್ತಾಗಿರಲಿ. ಆಶಾ ಕಾರ್ಯಕರ್ತೆಯು ಹೇಳಿದ ಲಸಿಕೆಯ ದಿನವನ್ನೂ ಅಂತರಾ ಚುಚ್ಚುಮದ್ದಿನ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಪ್ರತಿ ತಿಂಗಳ 9ನೆಯ ತಾರೀಖಿಗೂ ಒಂದು ಗುರುತಿರಲಿ. 2016ರಿಂದ ಆ ದಿನ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ, ಮೂರು ತಿಂಗಳು ತುಂಬಿದ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ. ಅಂದು ಹೊಲಕ್ಕೆ ಕೂಲಿಯಾಳುಗಳನ್ನು ಗೊತ್ತುಮಾಡಬೇಡಿರಿ. ಆಳುಗಳು ಬಂದರೆ ಅಡಿಗೆಯ ಹೊರೆ ಅವಳ ಮೇಲೆಯೇ ಬೀಳುತ್ತದೆ.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ರಕ್ತಸ್ರಾವ, ಹೊಟ್ಟೆಯೊಳಗಿನ ಕೂಸಿನ ಚಲನೆ ತಗ್ಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯ ಲೆಕ್ಕಕ್ಕೆ ಕಾಯಕೂಡದು. ಆ ಕ್ಷಣವೇ 108ಕ್ಕೆ ದೂರವಾಣಿ ಮಾಡಿ ಹೊರಡಿರಿ. ಹಸುವಿನ ಹಾಲನ್ನು ಅಂದು ನೆರೆಮನೆಯವರು ಕರೆದುಕೊಡುತ್ತಾರೆ.