ಗರಗಸದ ಬ್ರೇಕು ಕೆಟ್ಟರೆ

ಮಕ್ಕಳೇ, ಪಾವಗಡ ತಾಲ್ಲೂಕಿನ ತಿರುಮಣಿ ಎಂದ ಕೂಡಲೇ ಈಗ ನೆನಪಾಗುವುದು ಸೋಲಾರ್ ಪಾರ್ಕ್. ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಬಿಸಿಲಿನಿಂದ ಕರೆಂಟು ಮಾಡಲು ಜನರೇಟರ್ ತಿರುಗಿಸುವ ಗೋಜಿಲ್ಲ. ಆದರೆ 1902ರಲ್ಲಿ ಶಿವನಸಮುದ್ರದಲ್ಲಿ ನೀರಿನ ರಭಸದಿಂದ ಜನರೇಟರ್ ತಿರುಗಿಸಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದರು. ತಿರುಗಿಸಿದರೆ ಕರೆಂಟು ಹುಟ್ಟುತ್ತದೆ ಎಂಬ ಆ ಗುಟ್ಟೇ ಮರಗೆಲಸದ ಆಚಾರಿಯವರ ಕರೆಂಟು ಗರಗಸದ ಬ್ಲೇಡನ್ನೂ ನಿಲ್ಲಿಸುತ್ತದೆ!

ಬೇವಿನ ಹಲಗೆ ಕೊಯ್ಯುವ ಏಳು ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಹಲ್ಲಿನ ವೇಗ ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು. ಸ್ವಿಚ್ಚು ಬಿಟ್ಟರೂ ಅದು ತಟ್ಟನೆ ನಿಲ್ಲುವುದಿಲ್ಲ. ಹಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಅಪಾಯವಿರುವುದು ಆ ಹೊತ್ತಿನಲ್ಲೇ. ಅದಕ್ಕೇ ಕೆಲವು ಗರಗಸಗಳಲ್ಲಿ ಕರೆಂಟು ಬ್ರೇಕ್ ಇರುತ್ತದೆ.

ಸ್ವಿಚ್ಚು ಬಿಟ್ಟ ಕೂಡಲೇ ಒಳಗಿನ ತಂತಿಗಳ ಜೋಡಣೆ ಬದಲಾಗುತ್ತದೆ. ಮೋಟರಿನ ಕಬ್ಬಿಣದಲ್ಲಿ ಚೂರು ಆಯಸ್ಕಾಂತ ಗುಣ ಉಳಿದಿರುತ್ತದೆ. ಇನ್ನೂ ತಿರುಗುತ್ತಿರುವ ಮೋಟರ್ ಅದರ ಬಲದಿಂದ ಜನರೇಟರ್ ಆಗಿಬಿಡುತ್ತದೆ. ಹೀಗೆ ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ತಡೆಯುತ್ತದೆ. ಈ ನಿಯಮವನ್ನು 1834ರಲ್ಲಿ ಹೇಳಿದವರು ವಿಜ್ಞಾನಿ ಲೆಂಜ್. ಬ್ಲೇಡಿನ ವೇಗ ತಂತಿಯಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ.

ಕೆಲವೊಮ್ಮೆ ಹಳೆಯ ಗರಗಸ ಚೆನ್ನಾಗಿಯೇ ಕೊಯ್ಯುತ್ತದೆ, ಆದರೆ ಬ್ರೇಕ್ ಹಿಡಿಯುವುದಿಲ್ಲ. ಏಕೆ? ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಎರಡು ಕಾರ್ಬನ್ ಬ್ರಷ್‌ಗಳು. ಅವು ಸವೆದು, ಮರದ ಧೂಳು ಕೂತರೆ ಸಂಪರ್ಕ ಸಡಿಲವಾಗುತ್ತದೆ. ಮನೆಯ 230 ವೋಲ್ಟ್ ಆ ತಡೆಯನ್ನು ದಾಟಿ ನುಗ್ಗುತ್ತದೆ. ಬ್ರೇಕಿಗೆ ಮೊದಲು ಹುಟ್ಟುವ ಪುಟ್ಟ ವೋಲ್ಟೇಜಿಗೆ ಆ ಶಕ್ತಿ ಇರುವುದಿಲ್ಲ.

ರಿಪೇರಿ ಮಾಡುವವರು ಮೊದಲು ಪ್ಲಗ್ ಕೀಳುತ್ತಾರೆ, ಬ್ಲೇಡ್ ಬಿಚ್ಚುತ್ತಾರೆ. ಧೂಳು ತೆಗೆದು, ಸ್ಪ್ರಿಂಗ್ ನೋಡಿ, ಎರಡೂ ಬ್ರಷ್‌ಗಳನ್ನು ಒಟ್ಟಿಗೆ ಬದಲಿಸುತ್ತಾರೆ. ಹೊಸ ಬ್ರಷ್ ಸರಿಯಾಗಿ ಕೂರಲು ಸ್ವಲ್ಪ ಹೊತ್ತು ಮರ ಕೊಯ್ಯದೆ ಬರಿದೇ ಓಡಿಸುತ್ತಾರೆ. ಆಗಲೂ ಬ್ರೇಕ್ ಹಿಡಿಯದಿದ್ದರೆ ಸ್ವಿಚ್ಚಿನ ಸರದಿ. ತಂತಿಗಳ ಜೋಡಣೆ ಬದಲಿಸುವ ಅದೇ ಬಗೆಯ ಸ್ವಿಚ್ಚೇ ಬೇಕು. ಬರೀ ಆನ್, ಆಫ್ ಮಾಡುವ ಸ್ವಿಚ್ಚು ಹಾಕಿದರೆ ಗರಗಸ ಓಡುತ್ತದೆ, ಬ್ರೇಕ್ ಮಾತ್ರ ಇಲ್ಲವಾಗುತ್ತದೆ.

ಇದು ದೊಡ್ಡವರ ಕೆಲಸ. ನೀವು ಗರಗಸ ಮುಟ್ಟಬೇಡಿ. ನಿಮಗಾಗಿ ಬೇರೆ ಪ್ರಯೋಗವಿದೆ. ಕೆಟ್ಟ ಆಟಿಕೆ ಕಾರಿನ ಪುಟ್ಟ ಮೋಟರ್ ಬಿಚ್ಚಿಕೊಳ್ಳಿ. ಸೆಲ್ ಜೋಡಿಸದೆ ಅದರ ಕಡ್ಡಿಯನ್ನು ಬೆರಳಿನಿಂದ ತಿರುಗಿಸಿ. ಈಗ ಅದರ ಎರಡೂ ತಂತಿಗಳ ತುದಿ ಕೂಡಿಸಿ ಮತ್ತೆ ತಿರುಗಿಸಿ. ಬೆರಳಿಗೆ ಬಿಗಿ ತಿಳಿಯುತ್ತದೆ. ನಮ್ಮ ಮೆಟ್ರೋ ರೈಲೂ ನಿಲ್ಲುವಾಗ ಇದೇ ನಿಯಮದಿಂದ ಕರೆಂಟು ಹುಟ್ಟಿಸುತ್ತದೆ. ನಿಮ್ಮ ಪುಟ್ಟ ಮೋಟರಿನ ತಂತಿ ಬಿಡಿಸಿದಾಗ ಬಿಗಿ ಏಕೆ ಹೋಗುತ್ತದೆ? ಯೋಚಿಸಿ, ನಿಮ್ಮ ಮೇಷ್ಟರೊಂದಿಗೆ ಮಾತಾಡಿ.