ಮುಖಪುಟದ ಚಿತ್ರ ಯಾರದು?



ಸಾಲ-ಉಳಿತಾಯದ ಮಾತು ಬಿಟ್ಟು ಈ ಮೇಡಂ ಪತ್ರಿಕೆಯ ಫೋಟೊ ವಿಚಾರ ಯಾಕೆ ತೆಗೆದರು ಎಂದು ನಿಮಗೆ ಅನಿಸಬಹುದು. ವರದಕ್ಷಿಣೆ ಸಾವಿನ ಸುದ್ದಿ ಬಂದಾಗ ಪತ್ರಿಕೆಯಲ್ಲಿ ಯಾರ ಮುಖ ನೋಡಿದ್ದೀರಿ, ನೆನಪು ಮಾಡಿಕೊಳ್ಳಿ. ಸತ್ತವಳದು. ಅದೂ ಬಾಸಿಂಗ ಕಟ್ಟಿ, ಒಡವೆ ಹೇರಿಕೊಂಡು ನಿಂತ ಮದುವೆಯ ಚಿತ್ರ. ಆರೋಪ ಹೊತ್ತವನ ಮುಖ ಕಾಣುವುದು ಅಪರೂಪ.

ಸಂಜೆ ವರದಿಗಾರ ಠಾಣೆಯಿಂದ ನೇರ ತವರುಮನೆಗೆ ಬರುತ್ತಾನೆ. ರಾತ್ರಿಯೊಳಗೆ ಪುಟ ಮುಗಿಯಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಹೋದಾಗ ಆ ಮನೆಯಲ್ಲಿ ಅವಳೊಬ್ಬಳೇ ಇರುವ ಒಂದು ಫೋಟೊ ಸಿಗಲಿಲ್ಲ. ಆಲ್ಬಮ್ಮಿನಿಂದ ಒಂದು ಕಿತ್ತು ಕೊಟ್ಟರು. ಮರುದಿನ ನೋಡಿದರೆ ಗಂಡನ ಭಾಗ ಕತ್ತರಿಸಿದ್ದರು. ಅವಳ ಹೆಗಲ ಮೇಲೆ ಅವನ ನಾಲ್ಕು ಬೆರಳು ಉಳಿದಿದ್ದವು. ಆರೋಪ ಸಾಬೀತಾಗದವನ ಚಿತ್ರ ಹಾಕಿದರೆ ಮಾನನಷ್ಟ ಮೊಕದ್ದಮೆಯ ಭಯ. ಸತ್ತವಳು ಮೊಕದ್ದಮೆ ಹೂಡುವುದಿಲ್ಲವಲ್ಲ!

ಸಂಪಾದಕರ ಮೇಜಿನ ಮೇಲೆ ಇನ್ನೊಂದು ಅಳತೆಗೋಲೂ ಇರುತ್ತದೆ: ಬೆಳಗಿನ ಕಾಫಿ ಕುಡಿಯುವವರು ಈ ಚಿತ್ರ ಸಹಿಸಿಯಾರೆ? 2015ರ ಸೆಪ್ಟೆಂಬರ್ 2ರಂದು ಟರ್ಕಿಯ ಕಡಲ ದಂಡೆಯಲ್ಲಿ ಸಿರಿಯಾದ ಪುಟ್ಟ ಹುಡುಗನೊಬ್ಬನ ಶವ ಸಿಕ್ಕಿತು. ಚಿತ್ರ ತೆಗೆದವರು ನಿಲೂಫರ್ ಡೆಮಿರ್ ಎಂಬ ಹೆಣ್ಣುಮಗಳು. ಕೆಲವು ಪತ್ರಿಕೆಗಳು ಮರಳಲ್ಲಿ ಬೋರಲು ಬಿದ್ದ ಮಗುವನ್ನೇ ಮುಖಪುಟಕ್ಕೆ ಹಾಕಿದವು. ಕೆಲವು ಹಿಂಜರಿದು, ಪೊಲೀಸನೊಬ್ಬ ಮಗುವನ್ನು ಎತ್ತಿಕೊಂಡು ಹೋಗುವ ಚಿತ್ರ ಆರಿಸಿಕೊಂಡವು. ರಕ್ತವಿಲ್ಲ, ಕೆಂಪು ಅಂಗಿ, ಕಾಲಲ್ಲಿ ಬೂಟು, ಮಲಗಿದಂತೆಯೇ ಕಾಣುತ್ತಿತ್ತು. ಅದಕ್ಕೇ ಅದು ಜಗತ್ತೆಲ್ಲ ಸುತ್ತಿತು ಎಂದು ನನ್ನ ಎಣಿಕೆ. ಅದೇ ದೋಣಿಯಲ್ಲಿ ಅವನ ತಾಯಿ, ಅಣ್ಣ ಇಬ್ಬರೂ ಮುಳುಗಿ ಸತ್ತರು. ಆ ತಾಯಿಯ ಮುಖ ನಮ್ಮಲ್ಲಿ ಯಾರಿಗೆ ನೆನಪಿದೆ?

ಆ ಚಿತ್ರದಿಂದ ದೇಶದೇಶಗಳ ಮನಸ್ಸು ಕಲಕಿದ್ದು ನಿಜ. ಹಾಗಾಗಿ ಚಿತ್ರವೇ ಬೇಡ ಎನ್ನುವವಳಲ್ಲ ನಾನು. ಆದರೆ ದೂರದವರ ಹೆಣವಾದರೆ ಸಂಕೋಚ ಕಡಿಮೆ ಎಂಬುದೂ ನಿಜ. ನಮ್ಮೂರಿನ ಹುಡುಗಿಯ ಮುಖ ಹಾಗಲ್ಲ. ವಾರ ಕಳೆದರೆ ಅದೇ ಹಾಳೆಯಲ್ಲಿ ಮಂಡಕ್ಕಿ ಕಟ್ಟಿ ಅವಳ ಮಗುವಿನ ಕೈಗೇ ಕೊಡುತ್ತಾರೆ.

ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡಬಾರದೆಂದು 1983ರಲ್ಲೇ ಕಾನೂನು ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು. 2018ರಲ್ಲಿ ಕಠುವಾದ ಹೆಣ್ಣುಮಗುವಿನ ಗುರುತು ಹೊರಗೆಡವಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟು ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ವರದಕ್ಷಿಣೆಗಾಗಿ ಸತ್ತವಳಿಗೆ ಈ ಕಲಮಿನ ಆಸರೆ ಇಲ್ಲ. ಅವಳ ಚಿತ್ರದ ವಿಷಯದಲ್ಲಿ ಮನೆಯವರೇ ಗಟ್ಟಿಯಾಗಬೇಕು.

ಯಾವ ಫೋಟೊ, ಯಾವ ಪುಟಕ್ಕೆ, ಕೆಳಗೆ ಏನು ಬರೆಯುತ್ತೀರಿ ಎಂದು ಕೇಳಿಯೇ ಕೊಡಿ. ಬೇಡವೆನ್ನುವ ಹಕ್ಕೂ ನಿಮ್ಮದು. ಬ್ಯಾಂಕಿಗೆಂದು ತೆಗೆಸಿದ ನಿಮ್ಮ ಪಾಸ್‌ಬುಕ್ಕಿನ ಫೋಟೊ ಇದೆಯಲ್ಲ, ಅದರಲ್ಲಿ ನೀವೊಬ್ಬರೇ ಇದ್ದೀರಿ; ಒಂದು ಪ್ರತಿ ತವರಿನಲ್ಲೂ ಇರಲಿ. ಕೇಳಬಾರದ ಮಾತು, ನಕ್ಕು ಬಿಡಿ.

ಅಸಹ್ಯವಾದ ಚಿತ್ರ ಅಚ್ಚಾದರೆ ಮೊದಲು ಸಂಪಾದಕರಿಗೆ ಕಾಗದ ಬರೆಯಿರಿ. ಅವರು ಕಿವಿಗೊಡದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಯಾದರೆ ಎರಡು ತಿಂಗಳೊಳಗೆ. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಛೀಮಾರಿ ಹಾಕಬಲ್ಲದು. ಅಂಥ ಕಾಗದ ಬರೆಯುವವರಿದ್ದರೆ, ಸಭೆ ಮುಗಿದ ಮೇಲೂ ನಾನು ಇಲ್ಲೇ ಕೂತಿರುತ್ತೇನೆ.